ನೀರು ಇಳಿದ ಕಡೆಗೇ ಖರ್ಚೂ ಇಳಿಯಿತು

ಅಮೆರಿಕದ ಶಾಮ್‌ಬರ್ಗ್ ಎಂಬ ಊರು ಶಿಕಾಗೊ ನಗರದಿಂದ ವಾಯವ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿದೆ. ನಮ್ಮ ಮನೆಗಳ ಅಣ್ಣನೋ ಭಾವನೋ ಚಿಕ್ಕಪ್ಪನ ಮಗಳೋ ಆ ಕಡೆ ಕೆಲಸದಲ್ಲಿದ್ದರೆ ಈ ಹೆಸರು ನಮ್ಮ ಕಿವಿಗೆ ಬಿದ್ದಿರುತ್ತದೆ. ಅಲ್ಲಿ ಮಳೆ ಮತ್ತು ಹಿಮ ಎರಡೂ ಸೇರಿ ವರ್ಷಕ್ಕೆ ಬೀಳುವುದು ಸುಮಾರು 960 ಮಿಲಿಮೀಟರ್. ನಮ್ಮ ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಮಳೆ ಹೊಯ್ಯುವುದು ಸಾಮಾನ್ಯ. ಆದರೂ ಮನೆಯೊಳಗೆ ನೀರು ನುಗ್ಗಿ ಒಂದೇ ರಾತ್ರಿಯಲ್ಲಿ ಇಡೀ ವರ್ಷದ ಉಳಿತಾಯ ಕರಗಿಹೋದ ಕಥೆಗಳು ಆ ಭಾಗದಿಂದಲೇ ಹೆಚ್ಚಾಗಿ ಬರುತ್ತವೆ. ಇದೇಕೆ ಹೀಗೆ?

ಈ ಪ್ರಶ್ನೆಗೆ ಉತ್ತರ ಮಳೆಯ ಲೆಕ್ಕದಲ್ಲಿ ಸಿಗುವುದಿಲ್ಲ, ಇತಿಹಾಸದಲ್ಲಿ ಸಿಗುತ್ತದೆ. ಶಿಕಾಗೊ ಪ್ರದೇಶದ 170 ವರ್ಷಗಳ ಕಥೆಯನ್ನು ಓದುತ್ತಾ ಹೋದಂತೆ ನಮಗೆ ಒಂದು ಸಂಗತಿ ಸ್ಪಷ್ಟವಾಯಿತು. ನೀರು ತಗ್ಗಿಗೆ ಹರಿಯುವಂತೆ ಅದು ಮಾಡಿದ ಹಾನಿಯ ಖರ್ಚೂ ತಗ್ಗಿಗೇ ಹರಿಯುತ್ತದೆ. ಎತ್ತರದಲ್ಲಿದ್ದವರು ತಮ್ಮ ಪಾಲಿನ ನೀರನ್ನು ಕೆಳಗಿನವರ ಕಡೆಗೆ ತಳ್ಳುತ್ತಾರೆ, ಖರ್ಚು ಅದರ ಹಿಂದೆಯೇ ಹೋಗುತ್ತದೆ, ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಂದು ಸಂಸಾರದ ನೆಲಮಾಳಿಗೆಯಲ್ಲಿ. ಇಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಊರಿನಲ್ಲಿ ಸ್ವಂತ ಮನೆ ಕಟ್ಟಿಸುವ ನಾವು ಈ ಕಥೆಯನ್ನು ಬೇರೆ ಯಾರದೋ ಎಂದು ಪಕ್ಕಕ್ಕಿಡುವಂತಿಲ್ಲ.

ಜಾಕಿಗಳ ಮೇಲೆ ಎದ್ದ ಊರು

ಶಿಕಾಗೊ ಹುಟ್ಟಿದ್ದು ಮಿಶಿಗನ್ ಸರೋವರದ ದಂಡೆಯ ಜೌಗಿನಲ್ಲಿ. ನೆಲವು ಸರೋವರದ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರವಿತ್ತು. ಕೆಳಗೆಲ್ಲ ಜೇಡಿಮಣ್ಣು, ನೀರು ಇಂಗುವ ಹಾಗಿರಲಿಲ್ಲ. ಬೀದಿಗಳಲ್ಲಿ ಕೊಳಚೆ ನಿಂತು, 1854ರಲ್ಲಿ ಕಾಲರಾ ಬಂದು ಊರಿನ ಜನಸಂಖ್ಯೆಯ ನೂರಕ್ಕೆ ಐದಾರು ಮಂದಿ ತೀರಿಕೊಂಡರು. ಮರುವರ್ಷ, ಅಂದರೆ 1855ರಲ್ಲಿ, ಒಳಚರಂಡಿ ಮಂಡಳಿ ರಚನೆಯಾಯಿತು. ಬಾಸ್ಟನ್ನಿನಿಂದ ಎಲಿಸ್ ಚೆಸ್‌ಬ್ರೋ ಎಂಬ ಎಂಜಿನಿಯರನ್ನು ಕರೆಸಿದರು.

ನೆಲದಡಿ ಅಗೆದು ಕೊಳವೆ ಹಾಕಿದರೆ ನೀರು ಹರಿಯಲು ಇಳಿಜಾರೇ ಇರಲಿಲ್ಲ. ಹಾಗಾಗಿ ಚೆಸ್‌ಬ್ರೋ ಕೊಳವೆಗಳನ್ನು ನೆಲದ ಮೇಲೆಯೇ ಇಡಿಸಿ, ಅವುಗಳ ಮೇಲೆ ಮಣ್ಣು ತುಂಬಿಸಿ, ಬೀದಿಗಳನ್ನೇ ಎತ್ತರಿಸಿದರು. ಬೀದಿ ಮೇಲೆ ಹೋಯಿತು, ಮನೆಗಳು ಕೆಳಗೆ ಉಳಿದವು. ಆಗ ಶುರುವಾದದ್ದು ಕಟ್ಟಡಗಳನ್ನು ಎತ್ತುವ ಕೆಲಸ. 1860ರಲ್ಲಿ ಲೇಕ್ ಸ್ಟ್ರೀಟಿನ ಸುಮಾರು 320 ಅಡಿ ಉದ್ದದ ಅಂಗಡಿ ಸಾಲನ್ನು 600 ಮಂದಿ ಕೆಲಸಗಾರರು 6,000 ತಿರುಪು ಜಾಕಿಗಳನ್ನು ಇಟ್ಟು ಐದು ದಿನಗಳಲ್ಲಿ ನಾಲ್ಕು ಅಡಿ ಎಂಟು ಅಂಗುಲ ಮೇಲಕ್ಕೆತ್ತಿದರು. ಒಳಗೆ ವ್ಯಾಪಾರ ನಡೆದೇ ಇತ್ತು. ಮುಂದೆ ರೈಲು ಬೋಗಿಗಳಿಂದ ಹೆಸರಾದ ಜಾರ್ಜ್ ಪುಲ್‌ಮನ್ ಆಗ ಈ ಕೆಲಸದ ಗುತ್ತಿಗೆದಾರರಲ್ಲಿ ಒಬ್ಬರು.

ಜಗತ್ತು ಇದನ್ನು ಎಂಜಿನಿಯರಿಂಗ್ ಅದ್ಭುತ ಎಂದು ಹೊಗಳಿತು, ಹೊಗಳತಕ್ಕದ್ದೇ. ಆದರೆ ಹಣ ಕೊಟ್ಟವರು ಯಾರು? ಬೀದಿಯನ್ನು ನಗರಸಭೆ ಎತ್ತಿಸಿತು, ಕಟ್ಟಡವನ್ನು ಎತ್ತಿಸುವುದು ಮಾಲೀಕನ ಪಾಲಿಗೆ ಬಂತು. ಹೋಟೆಲು ಮತ್ತು ದೊಡ್ಡ ಅಂಗಡಿಗಳ ಒಡೆಯರು ಖರ್ಚು ಮಾಡಿ ಎತ್ತಿಸಿಕೊಂಡರು. ಕೂಲಿಕಾರರ ಮರದ ಮನೆಗಳು ಇದ್ದಲ್ಲೇ ಇದ್ದವು. ನಿನ್ನೆಯ ನೆಲಮಹಡಿ ಇವತ್ತು ಬೀದಿಗಿಂತ ಕೆಳಗಿನ ಕೋಣೆಯಾಯಿತು. ಪಿಲ್ಸನ್‌ನಂಥ ಹಳೆಯ ಕಾರ್ಮಿಕರ ಬಡಾವಣೆಗಳಲ್ಲಿ ಬೀದಿಗಿಂತ ತಗ್ಗಿನಲ್ಲಿರುವ ಅಂಗಳ, ಬಾಗಿಲುಗಳನ್ನು ಇಂದಿಗೂ ಕಾಣಬಹುದು. ಬೀದಿಯ ನೀರು ಮೊದಲು ಇಳಿಯುವುದು ಅಲ್ಲಿಗೇ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಊರಿನ ಕೊಳಚೆ ನದಿಯ ಮೂಲಕ ಕುಡಿಯುವ ನೀರಿನ ಸರೋವರಕ್ಕೆ ಸೇರುತ್ತಿತ್ತು. 28 ಮೈಲಿ ಉದ್ದದ ಕಾಲುವೆ ತೋಡಿ, 1900ರ ಜನವರಿಯಲ್ಲಿ ಶಿಕಾಗೊ ನದಿಯನ್ನೇ ಹಿಮ್ಮುಖವಾಗಿ ತಿರುಗಿಸಿದರು. ಕೊಳಚೆ ಸರೋವರ ಬಿಟ್ಟು ಮಿಸಿಸಿಪ್ಪಿಯ ಕಡೆಗೆ ಹೊರಟಿತು. ಕೆಳಗಿನ ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, 1906ರಲ್ಲಿ ಸೋತಿತು. ಕಾವೇರಿ, ಕೃಷ್ಣೆಯರ ವ್ಯಾಜ್ಯ ಕೇಳಿಯೇ ಬೆಳೆದ ನಮಗೆ ಮೇಲಿನವರು ಮತ್ತು ಕೆಳಗಿನವರ ಈ ಜಗಳವನ್ನು ಬಿಡಿಸಿ ಹೇಳಬೇಕಿಲ್ಲ.

ಹೊಲದಿಂದ ಬಡಾವಣೆಗೆ

ಶಾಮ್‌ಬರ್ಗಿನ ಕಥೆ ಶುರುವಾಗುವುದು ಬಹಳ ತಡವಾಗಿ. ಅದು ಜರ್ಮನಿಯಿಂದ ಬಂದ ರೈತರ ಹಳ್ಳಿ, ಹೆಸರೂ ಜರ್ಮನಿಯದೇ. 1956ರಲ್ಲಿ ಅದಕ್ಕೆ ಸ್ವಂತ ಪುರಾಡಳಿತ ಬಂದಾಗ ಜನಸಂಖ್ಯೆ 130. 1959ರಲ್ಲಿ ವೆದರ್ಸ್‌ಫೀಲ್ಡ್ ಎಂಬ ಬಡಾವಣೆಯ ಕೆಲಸ ಆರಂಭವಾಯಿತು, 1971ರಲ್ಲಿ ವುಡ್‌ಫೀಲ್ಡ್ ಮಾಲ್ ತೆರೆಯಿತು, ಅದೇ ದಶಕದಲ್ಲಿ ಮೊಟೊರೋಲಾ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಅಲ್ಲಿಗೆ ತಂದಿತು. ಇಂದು ಅಲ್ಲಿ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ.

ಜೋಳದ ಹೊಲಕ್ಕೆ ಬಿದ್ದ ಮಳೆ ನಿಧಾನವಾಗಿ ಇಂಗುತ್ತದೆ. ಮಾಲಿನ ಪಾರ್ಕಿಂಗ್ ಜಾಗಕ್ಕೆ ಬಿದ್ದ ಮಳೆ ಇಂಗಲು ದಾರಿಯಿಲ್ಲ, ಅದು ಓಡುತ್ತದೆ. ಆ ಭಾಗದ ನೀರನ್ನು ಒಯ್ಯುವ ಸಾಲ್ಟ್ ಕ್ರೀಕ್ ಎಂಬ ಹಳ್ಳವು ಶಾಮ್‌ಬರ್ಗಿನ ಸೀಮೆ ದಾಟಿ ತೆಂಕಲಿನ ಎಲ್ಮ್‌ಹರ್ಸ್ಟ್ ಕಡೆಗೆ ಹರಿಯುತ್ತದೆ. ಮೇಲಿನ ಊರುಗಳು ಬೆಳೆದಷ್ಟೂ ಕೆಳಗಿನ ಊರುಗಳಿಗೆ ನೀರು ಬೇಗ ಬೇಗ ಬರತೊಡಗಿತು. ಇದನ್ನು ಕಂಡ ನೀರಿನ ಪ್ರಾಧಿಕಾರ 1972ರಿಂದ ಹೊಸ ದೊಡ್ಡ ಬಡಾವಣೆಗಳು ತಮ್ಮ ಮಳೆನೀರನ್ನು ತಾವೇ ಸ್ವಲ್ಪ ಹೊತ್ತು ತಡೆದು ಹಿಡಿಯಬೇಕೆಂಬ ನಿಯಮ ತಂದಿತು. ಶಾಮ್‌ಬರ್ಗಿನ ಮನೆಗಳ ಹಿಂದೆ ಕಾಣುವ ಚಂದದ ಕೆರೆಗಳಲ್ಲಿ ಅನೇಕವು ಈ ಕೆಲಸಕ್ಕಾಗಿಯೇ ತೋಡಿದವು. ಬಾತುಕೋಳಿ ಈಜುವ ಆ ನೀರು ಊರಿನ ಜಾಮೀನು ಇದ್ದಂತೆ.

1987ರ ಆಗಸ್ಟ್ 13 ಮತ್ತು 14ರಂದು ಈ ಜಾಮೀನು ಸಾಲಲಿಲ್ಲ. ಶಾಮ್‌ಬರ್ಗಿಗೆ ಹತ್ತಿರದ ಓಹೇರ್ ವಿಮಾನ ನಿಲ್ದಾಣದಲ್ಲಿ 9.35 ಅಂಗುಲ, ಅಂದರೆ ಸುಮಾರು 237 ಮಿಲಿಮೀಟರ್ ಮಳೆ ದಾಖಲಾಯಿತು. ನಿಲ್ದಾಣಕ್ಕೆ ಹೋಗುವ ರಸ್ತೆಗಳೇ ಮುಳುಗಿದವು. ಸಾಲ್ಟ್ ಕ್ರೀಕ್ ಉಕ್ಕಿ ಎಲ್ಮ್‌ಹರ್ಸ್ಟ್ ಕಡೆಯ ಮನೆಗಳಿಗೆ ನುಗ್ಗಿತು. ಮುಂದೆ ಅಲ್ಲಿನ ಹಳೆಯ ಕಲ್ಲುಗಣಿಯೊಂದನ್ನೇ ನೆರೆನೀರು ಹಿಡಿಯುವ ಗುಂಡಿಯಾಗಿ ಮಾಡಬೇಕಾಯಿತು. ಇತ್ತ ಶಿಕಾಗೊ ನಗರ ಮತ್ತು ಹಳೆಯ ಉಪನಗರಗಳಿಗಾಗಿ 1975ರಲ್ಲೇ ನೆಲದಡಿ ಸುರಂಗ ಕೊರೆಯುವ ಕೆಲಸ ಶುರುವಾಗಿತ್ತು. ಕೆಲವೆಡೆ 300 ಅಡಿಗೂ ಮೀರಿದ ಆಳದಲ್ಲಿ ಸಾಗುವ ಈ ಸುರಂಗಗಳ ಉದ್ದ 109 ಮೈಲಿ. ಸುರಂಗ ಮುಗಿದದ್ದು 2006ರಲ್ಲಿ, ಅದಕ್ಕೆ ಸೇರಿದ ಜಲಾಶಯಗಳ ಕೆಲಸ ಇನ್ನೂ ನಡೆದಿದೆ. ಅರ್ಧ ಶತಮಾನ, ಶತಕೋಟಿಗಟ್ಟಲೆ ಡಾಲರ್. ಮನೆಯೊಳಗೆ ನೀರು ಬಾರದಂತೆ ತಡೆಯಲು ಒಂದು ಊರು ಇಷ್ಟು ಸುರಿಯಬೇಕಾಯಿತು.

ಹತ್ತು ಸಾವಿರ ಡಾಲರಿನ ತೂತು

ಸಣ್ಣ ದುರಸ್ತಿಯನ್ನು ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ 1992ರ ಶಿಕಾಗೊಗಿಂತ ದೊಡ್ಡ ಪಾಠ ನಮಗೆ ಗೊತ್ತಿಲ್ಲ. ನಗರದ ಮಧ್ಯಭಾಗದಲ್ಲಿ ಕಟ್ಟಡಗಳ ಕೆಳಗೆ ಸುಮಾರು 40 ಅಡಿ ಆಳದಲ್ಲಿ ಹಳೆಯ ಸರಕು ಸುರಂಗಗಳಿದ್ದವು. ಒಂದು ಕಾಲಕ್ಕೆ ಅವುಗಳಲ್ಲಿ ಪುಟ್ಟ ರೈಲುಗಳು ಕಲ್ಲಿದ್ದಲು, ಸಾಮಾನು ಸಾಗಿಸುತ್ತಿದ್ದವು. 1959ರಲ್ಲಿ ಅದು ನಿಂತುಹೋಗಿತ್ತು. 1991ರ ಸೆಪ್ಟೆಂಬರ್‌ನಲ್ಲಿ ಕಿಂಜೀ ಸ್ಟ್ರೀಟ್ ಸೇತುವೆಯ ಬಳಿ ನದಿಯ ತಳಕ್ಕೆ ಕಂಬಗಳನ್ನು ಹೊಡೆದಾಗ ಸುರಂಗದ ಗೋಡೆಗೆ ಪೆಟ್ಟು ಬಿತ್ತು. 1992ರ ಜನವರಿಯಲ್ಲಿ ಕೇಬಲ್ ಟಿವಿ ಕೆಲಸಗಾರರು ಸುರಂಗದೊಳಗೆ ಕೆಸರು ಜಿನುಗುವುದನ್ನು ಕಂಡು ವಿಡಿಯೊ ಚಿತ್ರ ತೆಗೆದರು. ಸುದ್ದಿ ನಗರಾಡಳಿತಕ್ಕೂ ಮುಟ್ಟಿತು. ದುರಸ್ತಿಗೆ ಅಂದಾಜಾದ ಖರ್ಚು ಸುಮಾರು 10,000 ಡಾಲರ್. ಅದೇ ಹೆಚ್ಚಾಯಿತೆಂದು ಕಡಿಮೆ ದರ ಹುಡುಕುತ್ತ ದಿನ ಕಳೆಯಿತು.

ಏಪ್ರಿಲ್ 13ರ ಬೆಳಿಗ್ಗೆ ಗೋಡೆ ಕುಸಿಯಿತು. ನದಿಯೇ ಸುರಂಗಕ್ಕೆ ಇಳಿಯಿತು. ಸುಮಾರು 25 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 95 ಕೋಟಿ ಲೀಟರ್ ನೀರು ದೊಡ್ಡ ದೊಡ್ಡ ಕಟ್ಟಡಗಳ ನೆಲಮಾಳಿಗೆಗಳನ್ನು ತುಂಬಿತು. ಬೀದಿಯ ಮೇಲೆ ನೀರಿನ ಹನಿಯಿಲ್ಲ, ಕೆಳಗೆ ವಿದ್ಯುತ್ ಫಲಕಗಳೆಲ್ಲ ಮುಳುಗಿವೆ. ವಾಯಿದಾ ಮಾರುಕಟ್ಟೆಯ ವಹಿವಾಟು ನಿಂತಿತು, ಲಕ್ಷಾಂತರ ನೌಕರರನ್ನು ಮನೆಗೆ ಕಳಿಸಿದರು. ಒಟ್ಟು ನಷ್ಟ 100 ಕೋಟಿ ಡಾಲರಿನ ಸುಮಾರಿಗೆ ಹೋಯಿತು. ಒಂದು ಡಾಲರ್ ಉಳಿಸಲು ಹೋಗಿ ಒಂದು ಲಕ್ಷ ಡಾಲರ್ ಕಳೆದುಕೊಂಡ ಲೆಕ್ಕ ಇದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರಂತೆ ಎಂಬ ನಮ್ಮ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ.

ಇದರಲ್ಲಿ ಇನ್ನೊಂದು ಪಾಠವೂ ಇದೆ. ನೀರು ಬಸಿದು ಹೋದ ಮೇಲೆ ಜಗಳ ಶುರುವಾದದ್ದು ಒಂದು ಪದದ ಮೇಲೆ: ಇದು ನೆರೆಯೋ, ಸೋರಿಕೆಯೋ? ಸೋರಿಕೆಯಾದರೆ ವಿಮೆಯವರು ಕೊಡಬೇಕು, ನೆರೆಯಾದರೆ ಬಹಳಷ್ಟು ಪಾಲಿಸಿಗಳಲ್ಲಿ ಅದು ಹೊರಗೆ. ನೀರು ಒಂದೇ, ಹಾಳಾದ ಕೋಣೆಯೂ ಒಂದೇ. ಕಾಗದದ ಮೇಲಿನ ಒಂದು ಪದ ದುಡ್ಡು ಕೊಡುವವರು ಯಾರು ಎಂಬುದನ್ನು ನಿರ್ಧರಿಸುತ್ತದೆ. ಹೊಣೆಯ ಪ್ರಶ್ನೆಯನ್ನು ಸಮುದ್ರಯಾನದ ಕಾನೂನಿನಡಿ ನೋಡಬಹುದೇ ಎಂಬ ವಾದ 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕನ್ನಡಿಗರು ಕೊಂಡ ಮನೆಗಳು

1965ರ ವಲಸೆ ಕಾಯ್ದೆಯ ಬಳಿಕ ನಮ್ಮವರು ಆ ಪ್ರದೇಶಕ್ಕೆ ಹೋಗತೊಡಗಿದರು. 1970ರ ದಶಕದಲ್ಲಿಯೇ ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯ್ಟಿನಲ್ಲಿ ಪಂಪ ಕನ್ನಡ ಕೂಟ ಹುಟ್ಟಿಕೊಂಡವು. ಡಾಕ್ಟರು, ಎಂಜಿನಿಯರು, ಆಮೇಲೆ ಸಾಫ್ಟ್‌ವೇರಿನವರು. ಗಲ್ಫಿನಲ್ಲಿರುವ ನಮಗೂ ಅವರಿಗೂ ದೊಡ್ಡ ವ್ಯತ್ಯಾಸ ಒಂದಿದೆ. ಅವರು ಅಲ್ಲೇ ಸಾಲ ಮಾಡಿ ಮನೆ ಕೊಳ್ಳುತ್ತಾರೆ. ಕೊಂಡ ದಿನದಿಂದ ಆ ನೆಲದ ಇತಿಹಾಸವೂ ಅವರದಾಗುತ್ತದೆ.

ಆ ಮನೆಗಳ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಖರ್ಚಿನ ಗುಟ್ಟು ಅರ್ಥವಾಗುತ್ತದೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದರಿಂದ ಶಿಕಾಗೊ ಸೀಮೆಯಲ್ಲಿ ಅಡಿಪಾಯ ಕನಿಷ್ಠ 42 ಅಂಗುಲ ಕೆಳಗೆ ಹೋಗಲೇಬೇಕು. ಅಷ್ಟು ಅಗೆಯುವಾಗ ಇನ್ನೂ ಸ್ವಲ್ಪ ಅಗೆದು ಒಂದು ಕೋಣೆಯನ್ನೇ ಮಾಡಿಕೊಳ್ಳೋಣ ಎಂದು ನೆಲಮಾಳಿಗೆ ಬಂತು. ಅದರ ಮೂಲೆಯಲ್ಲಿ ಒಂದು ಗುಂಡಿ, ಗುಂಡಿಯಲ್ಲಿ ಒಂದು ಪಂಪು. ಬೆಂಗಳೂರಿನವರು ಸಂಪ್ ಎಂದರೆ ನೀರು ಕೂಡಿಡುವ ತೊಟ್ಟಿ ಎಂದುಕೊಳ್ಳುತ್ತಾರೆ, ಅಲ್ಲಿ ಸಂಪ್ ಎಂದರೆ ಒಳಬಂದ ನೀರನ್ನು ಹೊರಗೆಸೆಯುವ ಗುಂಡಿ. ಗುಡುಗು ಮಳೆಗೆ ಕರೆಂಟು ಹೋದರೆ ಪಂಪು ನಿಂತಿತು, ನೀರು ಬಂದಿತು.

ಇನ್ನು ಗೋಡೆ. ನಮ್ಮ ಮುರಕಲ್ಲಿನ ಗೋಡೆ ನೆನೆದರೂ ಬಿಸಿಲು ಬಂದಾಗ ಒಣಗುತ್ತದೆ. ಅಲ್ಲಿನ ಒಳಗೋಡೆ ಎರಡು ಕಾಗದದ ಹಾಳೆಗಳ ನಡುವೆ ಜಿಪ್ಸಮ್ ತುಂಬಿದ ಹಲಗೆ. ಇದನ್ನು ಶೀಟ್‌ರಾಕ್ ಎಂಬ ಹೆಸರಿನಲ್ಲಿ 1917ರಲ್ಲಿ ಮಾರುಕಟ್ಟೆಗೆ ತಂದದ್ದು ಶಿಕಾಗೊದ ಕಂಪನಿಯೇ. ಎರಡನೇ ಮಹಾಯುದ್ಧದ ನಂತರ ಲಕ್ಷಗಟ್ಟಲೆ ಮನೆಗಳನ್ನು ಬೇಗ, ಅಗ್ಗದಲ್ಲಿ ಕಟ್ಟಲು ಇದು ಬಹಳ ಅನುಕೂಲವಾಯಿತು. ಕಟ್ಟುವಾಗ ಉಳಿಸಿದ ಹಣವನ್ನು ನೀರು ಬಂದಾಗ ತೆರಬೇಕಾಗುತ್ತದೆ. ಆ ಹಲಗೆ ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆ ಹೀರುತ್ತದೆ. 24ರಿಂದ 48 ಗಂಟೆಗಳ ಒಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ನೆಲದಲ್ಲಿ ನಿಂತದ್ದು ಎರಡೇ ಅಂಗುಲ ನೀರಾದರೂ ಗೋಡೆಯನ್ನು ಎರಡಡಿಯೋ ನಾಲ್ಕಡಿಯೋ ಎತ್ತರಕ್ಕೆ ಕತ್ತರಿಸಿ ತೆಗೆಯುತ್ತಾರೆ, ಹಿಂದಿನ ಮರದ ಕಂಬಗಳನ್ನು ಯಂತ್ರ ಇಟ್ಟು ಒಣಗಿಸುತ್ತಾರೆ, ಮತ್ತೆ ಹೊಸ ಹಲಗೆ, ಹೊಸ ಬಣ್ಣ, ಹೊಸ ಕಾರ್ಪೆಟ್.

ನೀರಿನಲ್ಲೂ ಅವರು ಮೂರು ದರ್ಜೆ ಮಾಡಿದ್ದಾರೆ. ನಲ್ಲಿಯ ಶುದ್ಧ ನೀರು ಒಂದನೆಯದು, ಬಟ್ಟೆ ಒಗೆಯುವ ಯಂತ್ರದಂಥ ಕಡೆಯಿಂದ ಬಂದ ಬಳಸಿದ ನೀರು ಎರಡನೆಯದು, ಚರಂಡಿಯಿಂದ ಉಕ್ಕಿದ ಅಥವಾ ನೆರೆಯ ಕೊಳೆನೀರು ಮೂರನೆಯದು. ದರ್ಜೆ ಇಳಿದಂತೆ ಖರ್ಚು ಏರುತ್ತದೆ, ಏಕೆಂದರೆ ಮೂರನೆಯದು ಮುಟ್ಟಿದ ಕಾರ್ಪೆಟ್, ಹಾಸಿಗೆ, ಗೋಡೆ ಹಲಗೆ ಎಲ್ಲವನ್ನೂ ಎಸೆಯಬೇಕು. ಮನೆಯೊಳಗೆ ಒಂದು ಅಂಗುಲ ನೀರು ನಿಂತರೆ 25,000 ಡಾಲರ್ ವರೆಗೆ ಹಾನಿಯಾಗಬಹುದು ಎಂದು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಹೇಳುತ್ತದೆ. ನಮ್ಮ ಲೆಕ್ಕಕ್ಕೆ ತಂದರೆ ಅದು ಸುಮಾರು 92,000 ದಿರ್ಹಮ್. ನಮ್ಮಲ್ಲಿ ಎಷ್ಟು ಮಂದಿಗೆ ಅಷ್ಟು ಉಳಿಸಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಿ ನೋಡಿ.

2008ರ ಆಗಸ್ಟ್ ಕೊನೆಯಲ್ಲಿ ಶಿಕಾಗೊದಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಎರಡೇ ವಾರ ಕಳೆದು, ಸೆಪ್ಟೆಂಬರ್ 13ರಂದು, ಓಹೇರ್‌ನಲ್ಲಿ ಒಂದೇ ದಿನ 6.64 ಅಂಗುಲ ಮಳೆ ಸುರಿದು ಅದುವರೆಗಿನ ದಿನದ ದಾಖಲೆ ಮುರಿಯಿತು. 2011ರ ಜುಲೈ 23ರಂದು 6.86 ಅಂಗುಲ ಬಿದ್ದು ಆ ದಾಖಲೆಯೂ ಮುರಿಯಿತು. ಶಾಮ್‌ಬರ್ಗಿನ ಬಹುಭಾಗ ಸೇರಿರುವ ಕುಕ್ ಕೌಂಟಿಯಲ್ಲಿ 2007ರಿಂದ 2011ರ ಐದು ವರ್ಷಗಳಲ್ಲಿ ನೀರಿನ ಹಾನಿಗೆ ಪರಿಹಾರ ಕೇಳಿದ ಅರ್ಜಿಗಳೇ ಸುಮಾರು 1.8 ಲಕ್ಷ. ಕೈಗೆ ಬಂದ ಹಣ ಸರಾಸರಿ ನಾಲ್ಕು ಸಾವಿರ ಡಾಲರಿನ ಆಸುಪಾಸು. ಇಲಿನಾಯ್ ರಾಜ್ಯವೇ 2015ರಲ್ಲಿ ಹೊರತಂದ ವರದಿಯಲ್ಲಿ ಇನ್ನೊಂದು ಅಂಶವಿದೆ. 2007ರಿಂದ 2014ರವರೆಗೆ ಊರು ಪಟ್ಟಣಗಳ ನೀರಿನ ಹಾನಿಗೆ ಬಂದ ಅರ್ಜಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು, ಸರಕಾರಿ ನಕ್ಷೆಯಲ್ಲಿ ನೆರೆಪ್ರದೇಶ ಎಂದು ಗುರುತಿಸದ ಜಾಗಗಳಿಂದ ಬಂದವು. ನಕ್ಷೆ ನೋಡಿ ನಿಶ್ಚಿಂತೆಯಾಗಿ ಮನೆ ಕೊಂಡವರ ಕಥೆ ಇದು.

ವಿಮೆ ಇರಲಿಲ್ಲವೇ? ಇತ್ತು. ಸಾಲದಲ್ಲಿ ಕೊಂಡ ಮನೆಗೆ ವಿಮೆಯಿಲ್ಲದೆ ಬ್ಯಾಂಕು ಬಿಡುವುದಿಲ್ಲ. ಆದರೆ ಸಾಮಾನ್ಯ ಮನೆ ವಿಮೆ ಒಳಗಿನ ಪೈಪು ದಿಢೀರನೆ ಒಡೆದರೆ ಕೊಡುತ್ತದೆ, ಹೊರಗಿನ ನೆರೆಗೆ ಕೊಡುವುದಿಲ್ಲ. ಖಾಸಗಿ ಕಂಪನಿಗಳು ನೆರೆಯ ಹೊರೆ ಹೊರಲು ಒಪ್ಪದ್ದರಿಂದಲೇ 1968ರಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ನೆರೆ ವಿಮೆಯನ್ನು ತಂದಿತು. ಅದರಲ್ಲಿ ಮನೆಗೆ ಗರಿಷ್ಠ 2.5 ಲಕ್ಷ ಡಾಲರ್, ಸಾಮಾನಿಗೆ 1 ಲಕ್ಷ ಡಾಲರ್. ಆದರೆ ಕೊಂಡ 30 ದಿನಗಳ ನಂತರವೇ ಅದು ಜಾರಿಗೆ ಬರುವುದು ರೂಢಿ, ನೆಲಮಾಳಿಗೆಯ ನೆಲಹಾಸು, ಪೀಠೋಪಕರಣಗಳಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಚರಂಡಿ ಹಿಮ್ಮುಖವಾಗಿ ಉಕ್ಕಿದರೆ ಇನ್ನೊಂದು ಹೆಚ್ಚುವರಿ ಪುಟವನ್ನು ಪಾಲಿಸಿಗೆ ಸೇರಿಸಿಕೊಂಡಿರಬೇಕು. ಹೀಗೆ ಒಂದೇ ನೀರಿಗೆ ಮೂರು ಕಾಗದ. ಮೂರರ ನಡುವಿನ ಸಂದಿಯಲ್ಲಿ ಬಿದ್ದ ಖರ್ಚು ಮನೆಯವರದು.

ಬೀಗ ಹಾಕಿದ ಮನೆ

ಅಲ್ಲಿನ ನಮ್ಮವರಿಗೆ ವಿಶೇಷವಾಗಿ ಬರುವ ಒಂದು ಆಪತ್ತು ಚಳಿಗಾಲದ ರಜೆಯದು. ಡಿಸೆಂಬರ್‌ನಲ್ಲಿ ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ ಮುಂಜಿ. ಕರೆಂಟು ಗ್ಯಾಸು ಉಳಿಯಲಿ ಎಂದು ಹೀಟರ್ ತಗ್ಗಿಸಿ ಬೀಗ ಹಾಕಿ ಬೆಂಗಳೂರಿಗೆ ಹೊರಡುವುದು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತು ಭಾಗ ಹಿಗ್ಗುತ್ತದೆ. ಪೈಪು ಸೀಳುತ್ತದೆ. ಚಳಿ ಇಳಿದ ದಿನ ನೀರು ಧಾರೆಯಾಗಿ ಹರಿಯುತ್ತದೆ, ನಿಲ್ಲಿಸುವವರು ಯಾರೂ ಇಲ್ಲ. 2019ರ ಜನವರಿ 30ರಂದು ಶಿಕಾಗೊದ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಮನೆಯನ್ನು ಬೆಚ್ಚಗಿಟ್ಟಿರಬೇಕು, ಇಲ್ಲವೇ ಮುಖ್ಯ ವಾಲ್ವ್ ಮುಚ್ಚಿ ಪೈಪು ಬರಿದು ಮಾಡಿರಬೇಕು ಎಂಬ ಷರತ್ತು ಬಹುತೇಕ ಪಾಲಿಸಿಗಳಲ್ಲಿದೆ. ಅದನ್ನು ಪಾಲಿಸದಿದ್ದರೆ ಕಂಪನಿ ಕೈ ತೊಳೆದುಕೊಳ್ಳಬಹುದು. ವಾಲ್ವ್ ಮುಚ್ಚುವುದಕ್ಕೆ ಅರ್ಧ ನಿಮಿಷ, ಖರ್ಚು ಸೊನ್ನೆ.

ಡೆಟ್ರಾಯ್ಟಿನ ಕನ್ನಡಿಗರು ಇದೇ ಕಥೆಯ ಇನ್ನೊಂದು ಅಧ್ಯಾಯ ಕಂಡರು. 2014ರ ಆಗಸ್ಟ್ 11ರಂದು ಅಲ್ಲಿನ ವಿಮಾನ ನಿಲ್ದಾಣದಲ್ಲಿ 4.57 ಅಂಗುಲ ಮಳೆ ಬಿತ್ತು. ಹೆದ್ದಾರಿಗಳು ಮುಳುಗಿದವು, ಚರಂಡಿಗಳು ಮನೆಯೊಳಗೆ ಉಕ್ಕಿದವು. ಹಾನಿ 180 ಕೋಟಿ ಡಾಲರ್ ಎಂಬ ಅಂದಾಜು ಬಂತು. ಕೇಂದ್ರದ ನೆರವಿಗೆ ಆ ವರ್ಷ ಒಂದು ಕುಟುಂಬಕ್ಕೆ ಇದ್ದ ಮಿತಿ 32,400 ಡಾಲರ್, ಅದೂ ಮನೆ ವಾಸಕ್ಕೆ ಯೋಗ್ಯವಾಗುವಷ್ಟಕ್ಕೆ ಮಾತ್ರ. 2021ರ ಜೂನ್ 25 ಮತ್ತು 26ರಂದು ಮತ್ತೆ ನೆರೆ ಬಂದಾಗ ಪಂಪು ಮನೆಗಳಲ್ಲಿ ವಿದ್ಯುತ್ ತೊಂದರೆಯೂ ಸೇರಿಕೊಂಡಿತು. ಮಿಶಿಗನ್ನಿನ 2001ರ ಕಾನೂನಿನಂತೆ ಚರಂಡಿ ಉಕ್ಕಿದ ಹಾನಿಗೆ ಪರಿಹಾರ ಬೇಕಿದ್ದರೆ 45 ದಿನಗಳೊಳಗೆ ಬರೆದು ಕೊಡಬೇಕು, ಸರಕಾರಿ ವ್ಯವಸ್ಥೆಯ ದೋಷವೇ ಮುಖ್ಯ ಕಾರಣವೆಂದು ತೋರಿಸಬೇಕು. ದಿನ ತಪ್ಪಿದರೆ ದಾರಿ ಮುಚ್ಚಿತು.

ನಮ್ಮ ಬೆಡ್‌ಸ್ಪೇಸು, ನಮ್ಮ ಮಾಡು

ಮರಳುಗಾಡಿನಲ್ಲಿ ಇದ್ಯಾವುದರ ಚಿಂತೆ ಎಂದು ಇನ್ನು ಯಾರೂ ಕೇಳಲಾರರು. 2007ರ ಜೂನ್‌ನಲ್ಲಿ ಒಮಾನಿಗೆ ಬಂದ ಗೋನು ಚಂಡಮಾರುತ, 2009ರ ನವೆಂಬರ್‌ನ ಜೆದ್ದಾ ನೆರೆ ನಮ್ಮಲ್ಲಿ ಹಿರಿಯರಿಗೆ ನೆನಪಿದೆ. 2024ರ ಏಪ್ರಿಲ್ 16ರಂದು ಯುಎಇಯ ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಗೂ ಕಡಿಮೆ ಅವಧಿಯಲ್ಲಿ 254.8 ಮಿಲಿಮೀಟರ್ ಮಳೆ ಬಿತ್ತು. 1949ರಲ್ಲಿ ದಾಖಲೆ ಆರಂಭವಾದ ಮೇಲೆ ಅಷ್ಟು ಮಳೆ ಅಲ್ಲಿ ಬಿದ್ದಿರಲಿಲ್ಲ. ಸರಕಾರ ನಾಗರಿಕರ ಮನೆಗಳ ದುರಸ್ತಿಗೆ 200 ಕೋಟಿ ದಿರ್ಹಮ್ ಮಂಜೂರು ಮಾಡಿತು. ದುಬೈ 3,000 ಕೋಟಿ ದಿರ್ಹಮಿನ ಮಳೆನೀರು ಯೋಜನೆಯನ್ನು ಘೋಷಿಸಿತು. ಶಿಕಾಗೊ ಹಿಡಿದ ದಾರಿಯೇ ಇದು.

ನಮ್ಮ ಪಾಲಿಗೆ ಉಳಿಯುವ ಪ್ರಶ್ನೆ ಬೇರೆ. ದುಬೈಯ 2007ರ 26ನೇ ಕಾನೂನಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಾಗದಿದ್ದರೆ ಕಟ್ಟಡದ ದುರಸ್ತಿ ಮಾಲೀಕನ ಹೊಣೆ. ಒಳಗಿನ ಹಾಸಿಗೆ, ಬಟ್ಟೆ, ಟಿವಿ, ಲ್ಯಾಪ್‌ಟಾಪ್ ಬಾಡಿಗೆದಾರನದು. ಬಾಡಿಗೆ ಕರಾರಿನಲ್ಲಿ ಹೆಸರೇ ಇಲ್ಲದೆ ಬೆಡ್‌ಸ್ಪೇಸಿನಲ್ಲಿ ಇರುವವರಿಗೆ ಕೇಳುವ ಹಕ್ಕೂ ಇಲ್ಲವೆನ್ನುವಷ್ಟು ಕಡಿಮೆ. ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟವನ ಪಾಸ್‌ಪೋರ್ಟು ಮತ್ತು ಸರ್ಟಿಫಿಕೇಟುಗಳೇ ಮೊದಲು ನೆನೆಯುತ್ತವೆ. ಖರ್ಚು ತಗ್ಗಿಗೆ ಹರಿಯುವುದೆಂದರೆ ಇದೇ.

ಇನ್ನು ಊರಿನ ಮನೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಹಂಚಿನ ಮಾಡಿನ ದೊಡ್ಡ ಗುಣ ಅದರ ದುರಸ್ತಿಯಲ್ಲಿದೆ. ಒಂದು ಹಂಚು ಒಡೆದರೆ ಒಂದು ಹಂಚು ಬದಲಿಸಿದರೆ ಸಾಕು. ಮೇ ತಿಂಗಳಲ್ಲಿ ಮಾಡು ಹತ್ತಿ ಒಡೆದ ಹಂಚು ನೋಡುವುದು, ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು, ಕಣಿ ಬಿಡಿಸುವುದು ಹಿರಿಯರಿಗೆ ಪ್ರತಿವರ್ಷದ ಪದ್ಧತಿ. ಮಳೆ ವರ್ಷವರ್ಷವೂ ಬರುತ್ತಿದ್ದುದರಿಂದ ಖರ್ಚನ್ನೂ ವರ್ಷವರ್ಷಕ್ಕೆ ಹಂಚಿಕೊಂಡಿದ್ದರು. ನೇತ್ರಾವತಿ ಉಕ್ಕಿದ 1923ರ ಮತ್ತು 1974ರ ಮಾರಿ ಬೊಳ್ಳದಂಥ ಮಹಾನೆರೆಯ ಮುಂದೆ ಆ ಪದ್ಧತಿಯೂ ನಿಲ್ಲಲಿಲ್ಲ ನಿಜ. ಸಾಮಾನ್ಯ ಮಳೆಗಾಲವನ್ನು ಅದು ಧಾರಾಳವಾಗಿ ದಾಟಿಸುತ್ತಿತ್ತು.

ಗಲ್ಫಿನ ಹಣ ಊರಿಗೆ ಹೋದಂತೆ ಹಂಚು ಹೋಗಿ ಕಾಂಕ್ರೀಟು ಬಂತು. ಸ್ಲ್ಯಾಬಿನಲ್ಲಿ ಬಿರುಕು ಬಿಟ್ಟರೆ ನೀರು ಎಲ್ಲಿ ಇಳಿದು ಎಲ್ಲಿ ತೊಟ್ಟಿಕ್ಕುತ್ತದೆ ಎಂದು ಪತ್ತೆ ಮಾಡುವುದೇ ಕಷ್ಟ, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ದುರಸ್ತಿ ದುಬಾರಿ. ಕರಾವಳಿಯಲ್ಲಿ ಈಗ ಟೆರೇಸಿನ ಮೇಲೆ ಮತ್ತೊಂದು ಶೀಟಿನ ಮಾಡು ಏಳುತ್ತಿರುವುದು ಇದಕ್ಕೇ. ವರ್ಷಕ್ಕೆ ಹನ್ನೊಂದು ತಿಂಗಳು ಬೀಗ ಬಿದ್ದ ಮನೆಯಾದರೆ ಜೂನ್‌ನಲ್ಲಿ ಶುರುವಾದ ಸೋರಿಕೆ ಕಣ್ಣಿಗೆ ಬೀಳುವುದು ನಾವು ರಜೆಗೆ ಹೋದಾಗ.

ಆಗ ಯಾರು ಕೊಡುತ್ತಾರೆ? ಕೇಂದ್ರದ 2022ರಿಂದ 2026ರ ವಿಪತ್ತು ಪರಿಹಾರ ನಿಯಮದಲ್ಲಿ, ಪ್ರಕೃತಿ ವಿಕೋಪದಿಂದ ಪೂರ್ತಿ ಕುಸಿದ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ. 2019ರ ನೆರೆಯ ಬಳಿಕ ಕರ್ನಾಟಕ ಸರಕಾರ ಪೂರ್ತಿ ಕುಸಿದ ಮನೆಗಳಿಗೆ 5 ಲಕ್ಷದವರೆಗೆ ಕೊಡಲು ಮುಂದಾಯಿತು. ಆದರೂ ನಿಧಾನವಾಗಿ ಸೋರಿ ಹಾಳಾದ ಮನೆ ಯಾವ ಪರಿಹಾರದ ಪಟ್ಟಿಯಲ್ಲೂ ಬರುವುದಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಅಮೆರಿಕದಲ್ಲಿ ಹೆಚ್ಚಿನ ಮನೆಗಳಿಗೆ ವಿಮೆಯಿದೆ, ನೆರೆ ಅದರೊಳಗಿಲ್ಲ. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಬೇಕಾದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆಯೂ ಸೇರಿದೆ, ನೀರಿನ ಟ್ಯಾಂಕು ಮತ್ತು ಪೈಪು ಒಡೆದ ಹಾನಿಯೂ ಸೇರಿದೆ, ಮನೆಯ ವಿಮಾ ಮೊತ್ತದ ನೂರಕ್ಕೆ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಸಾಮಾನಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ಅವರಿಗೆ ದೊರೆಯದ್ದು ನಮಗೆ ದೊರೆಯುತ್ತದೆ, ಕೊಳ್ಳುವವರು ಕಡಿಮೆ. ವರ್ಷಗಟ್ಟಲೆ ಓವರ್‌ಟೈಮ್ ದುಡಿದು ಕಟ್ಟಿಸಿದ ಮನೆಗೆ ಈ ಕಾಗದವೊಂದು ಇಲ್ಲದಿದ್ದರೆ ಆ ದುಡಿಮೆಯನ್ನೆಲ್ಲ ಮಳೆಗೆ ಒಡ್ಡಿದಂತೆ.

ಶಿಕಾಗೊ ಬೀದಿ ಎತ್ತಿತು, ನದಿ ತಿರುಗಿಸಿತು, ಸುರಂಗ ಕೊರೆಯಿತು. ಅಷ್ಟೆಲ್ಲ ಆದ ಮೇಲೂ ಶಾಮ್‌ಬರ್ಗಿನ ಒಂದು ಸಂಸಾರವನ್ನು ಮಳೆಯ ರಾತ್ರಿ ಕಾಯುವುದು ಮೂಲೆಯ ಪುಟ್ಟ ಪಂಪು, ಕಪಾಟಿನಲ್ಲಿರುವ ಪಾಲಿಸಿಯ ಒಂದು ಪುಟ. ನಮಗೂ ಹಾಗೆಯೇ. ಮುಂದಿನ ಸಲ ಊರಿಗೆ ಹೋದಾಗ ನೆಂಟರ ಮನೆಗಳ ಊಟಕ್ಕೆ ಹೊರಡುವ ಮೊದಲು ಒಮ್ಮೆ ಟೆರೇಸು ಹತ್ತಿ ನೋಡೋಣ, ನೀರು ಹೋಗುವ ತೂತಿನಲ್ಲಿ ಸಿಕ್ಕಿಕೊಂಡ ಎಲೆ ತೆಗೆಯೋಣ. ಮರಳಿ ಬರುವಾಗ ಟ್ಯಾಂಕಿನ ವಾಲ್ವ್ ಮುಚ್ಚಿ, ಕೀಲಿಕೈಯನ್ನು ಪಕ್ಕದ ಮನೆಯವರಲ್ಲಿ ಕೊಟ್ಟು, ಮೊದಲ ದೊಡ್ಡ ಮಳೆಯ ಮರುದಿನ ಒಮ್ಮೆ ಬಾಗಿಲು ತೆಗೆದು ನೋಡುವಂತೆ ಹೇಳಿ ಬರೋಣ.